ಸಂಪು, ಟ್ಯಾಂಕು, ಮೋಟರು: ಹೆಸರು ತಪ್ಪಿ ಕೆಟ್ಟದ್ದು, ಹೆಸರಿಟ್ಟು ಸರಿಮಾಡಿದ್ದು

ಮೇ 31ರ ರಾತ್ರಿ ಮೈಸೂರಿನಲ್ಲಿ ಗಾಳಿ ಮಳೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಮುಕ್ಕಾಲು ಗಂಟೆ ಬಿಟ್ಟು ಬಂತು. ಬಂದ ಹತ್ತು ನಿಮಿಷಕ್ಕೆ ಅಪ್ಪ ಹಿತ್ತಲಿನಿಂದ ಕೂಗಿದರು. "ಲೋ, ಮೋಟರ್ ಯಾಕೋ ಒಂಥರಾ ಸದ್ದು ಮಾಡ್ತಿದೆ, ಬಂದು ನೋಡೋ."

ಹೋಗಿ ನೋಡಿದರೆ ಸಂಪಿನಲ್ಲಿ ಒಂದು ಚೊಂಬು ನೀರಿಲ್ಲ. ಮೇಲೆ ಟ್ಯಾಂಕ್ ತುಂಬಿ ನಿಂತಿದೆ. ಮೋಟರ್ ಮಾತ್ರ ನೀರಿಲ್ಲದೆ ಓಡುತ್ತಿದೆ. ಅಡುಗೆಮನೆ ಗೋಡೆಯ ಟ್ಯಾಬ್ಲೆಟ್ ಏನು ತೋರಿಸುತ್ತಿತ್ತು ಗೊತ್ತಾ? ಟ್ಯಾಂಕ್ 0%, ಸಂಪು 98%. ಪೂರ್ತಿ ಅದಲು ಬದಲು.

ನೀರಿನ ಮಟ್ಟ ನೋಡಿ ತಾನೇ ಮೋಟರ್ ಹಾಕುವ ಈ ವ್ಯವಸ್ಥೆ ನಾನೇ ಕಟ್ಟಿದ್ದು. ಸೆನ್ಸರ್ ಸರಿ ಇತ್ತು. ವೈರಿಂಗ್ ಸರಿ ಇತ್ತು. ಪ್ರೋಗ್ರಾಂ ಕೂಡ ನಾನು ಬರೆದಿದ್ದನ್ನೇ ಮಾಡಿತ್ತು. ಕೆಟ್ಟಿದ್ದದ್ದು ಹೆಸರು. ಅದನ್ನು ಸರಿ ಮಾಡಲು ಆರು ವಾರ ಹಿಡಿಯಿತು. ಬರೆದಿಟ್ಟುಕೊಂಡದ್ದು ಇದು.

ಮನೆಯಲ್ಲಿ ಇದ್ದ ಸಾಮಾನು

ಸಂಪಿಗೆ ಒಂದು, ಮಹಡಿಯ 1000 ಲೀಟರ್ ಟ್ಯಾಂಕಿಗೆ ಒಂದು, ಹೀಗೆ ವೈಫೈ ಇರುವ ಎರಡು ಪುಟ್ಟ ಇಎಸ್‌ಪಿ32 ಬೋರ್ಡ್. ತಲಾ 420 ರೂಪಾಯಿ. ಪ್ರತಿಯೊಂದಕ್ಕೂ ನೀರು ತಾಗದ ಜೆಎಸ್ಎನ್-ಎಸ್ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್, ತಲಾ 380. ಇದರ ಎಕೋ ಕಾಲಿನಿಂದ (ಅಳತೆ ಹೊರಬರುವ ಪಿನ್) 5 ವೋಲ್ಟ್ ಬರುತ್ತದೆ. ಬೋರ್ಡಿಗೆ 3.3 ಸಾಕು. ಅದಕ್ಕೆ 1 ಕಿಲೋ ಓಮ್, 2 ಕಿಲೋ ಓಮ್ ರೆಸಿಸ್ಟರ್ ಹಾಕಿ ಇಳಿಸಿದ್ದೆ. ಮೋಟರಿನ ಹತ್ತಿರ ಒಂದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯು ಅನ್ನುವ ಪುಟ್ಟ ಕಂಪ್ಯೂಟರ್ (1,750), ರಿಲೇ (90), ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ (850). ಹಾಲ್‌ನಲ್ಲಿ ಯುಪಿಎಸ್ ಮೇಲೆ ಹಳೆಯ ಪೈ 3. ಅದೇ ಯಜಮಾನ. ಅದು ಸೆನ್ಸರ್‌ಗಳನ್ನು ಹುಡುಕಿ, ಕೇಳಿ, ಮೋಟರ್ ಹಾಕಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತದೆ. ಮನೆಯ ಯುಎಸ್‌ಬಿ ಪ್ರಿಂಟರ್ ಕೂಡ ಅದಕ್ಕೇ ಅಂಟಿದೆ.

ಯಂತ್ರಗಳು ಒಂದನ್ನೊಂದು ಹುಡುಕುವುದು ಮಲ್ಟಿಕಾಸ್ಟ್ ಡಿಎನ್‌ಎಸ್ ಮೂಲಕ. ಪ್ರಿಂಟರನ್ನು ಫೋನ್ ತಾನಾಗಿ ಹುಡುಕಿಕೊಳ್ಳುತ್ತದಲ್ಲ, ಅದೇ ದಾರಿ. 224.0.0.251 ವಿಳಾಸ, 5353 ಪೋರ್ಟ್. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಅವಾಹಿ ಅನ್ನುವ ಪ್ರೋಗ್ರಾಂ.

ಇನ್ನೊಂದು ಮಾತು. ಕೆಳಗೆ ಸರ್ವಿಸ್ ಹೆಸರುಗಳನ್ನೂ (ಯಂತ್ರದ ಕೆಲಸ ಏನು ಅಂತ ಹೇಳುವ ಹೆಸರು) ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನನ್ನ ಫೈಲಿನಲ್ಲಿ ಅವು ಇಂಗ್ಲಿಷ್ ಸಣ್ಣಕ್ಷರದಲ್ಲಿವೆ. ಇವುಗಳ ಅಕ್ಷರದ ಲೆಕ್ಕ ಕೊಟ್ಟಲ್ಲೆಲ್ಲ ಅದು ಇಂಗ್ಲಿಷ್ ಅಕ್ಷರದ ಲೆಕ್ಕ.

ಜೂನ್ 1, ಭಾನುವಾರ: ಯಾರು ಯಾರು?

ಪೈ 3ರಲ್ಲಿ ಅವಾಹಿ-ಬ್ರೌಸ್ ಓಡಿಸಿದೆ, ಎಲ್ಲ ತೋರಿಸು, ವಿಳಾಸವನ್ನೂ ಬಿಡಿಸು ಅಂತ. ಬಂದದ್ದು ಹೀಗಿತ್ತು: `_ಎಚ್‌ಟಿಟಿಪಿ._ಟಿಸಿಪಿ` ಅಡಿಯಲ್ಲಿ "ಟ್ಯಾಂಕ್", "ಟ್ಯಾಂಕ್-2", "ಮೋಟರ್", ಜೊತೆಗೆ ರೂಟರಿನ ಸೆಟಿಂಗ್ ಪುಟ.

ಫೆಬ್ರವರಿಯಲ್ಲಿ ಮಾಡಿದ ಎಡವಟ್ಟು ಆಗ ನೆನಪಾಯಿತು. ಟ್ಯಾಂಕಿನ ಬೋರ್ಡಿಗೆ ಪ್ರೋಗ್ರಾಂ ಹಾಕಿದ ಮೇಲೆ ಅದನ್ನೇ ಸಂಪಿನ ಬೋರ್ಡಿಗೂ ಹಾಕಿದ್ದೆ. ಹೆಸರು ಬದಲಿಸಲು ಮರೆತಿದ್ದೆ. ಒಂದೇ ಹೆಸರಿನವರು ಇಬ್ಬರು ಬಂದರೆ ಮಲ್ಟಿಕಾಸ್ಟ್ ಡಿಎನ್‌ಎಸ್‌ನಲ್ಲಿ ಜಗಳವಿಲ್ಲ. ಎರಡನೆಯವನು ತಾನೇ ಹಿಂದೆ ಸರಿದು ಹೆಸರಿಗೆ ಒಂದು 2 ಅಂಟಿಸಿಕೊಳ್ಳುತ್ತಾನೆ. ಅವತ್ತು ಪರದೆಯಲ್ಲಿ "ಟ್ಯಾಂಕ್-2" ಅಂತ ಕಂಡಿತು. ಬೋರ್ಡಿನ ಹೆಸರು ಸರಿ ಮಾಡುವ ಬದಲು ನಾನು ಏನು ಮಾಡಿದೆ? ಪೈ 3ರ ಪ್ರೋಗ್ರಾಂನಲ್ಲಿ "ಟ್ಯಾಂಕ್-2 ಅಂದರೆ ಸಂಪು" ಅಂತ ಬರೆದುಬಿಟ್ಟೆ! ಏಣಿ ಹತ್ತಿ ಬೋರ್ಡ್ ಬಿಚ್ಚಲು ಸೋಮಾರಿತನ, ಅಷ್ಟೆ.

ಮೂರು ತಿಂಗಳು ನಡೆಯಿತು. ಮೇ 31ರಂದು ಕರೆಂಟ್ ಬಂದಾಗ ಸಂಪಿನ ಬೋರ್ಡ್ ಮೊದಲು ಎದ್ದಿತು. "ಟ್ಯಾಂಕ್" ಅನ್ನುವ ಹೆಸರು ಅದರ ಪಾಲಾಯಿತು. ಮೇಲಿನದು "ಟ್ಯಾಂಕ್-2" ಆಯಿತು. ಟ್ಯಾಂಕ್ ಖಾಲಿ, ಸಂಪು ತುಂಬಿದೆ ಅಂತ ಪೈ 3 ನಂಬಿತು. ಮೋಟರ್ ಹಾಕಿತು.

ಖಾತ್ರಿ ಮಾಡಿಕೊಳ್ಳಲು ಎರಡೂ ಅಡಾಪ್ಟರ್ ಕಿತ್ತು, ಒಮ್ಮೆ ಇದನ್ನು ಮೊದಲು, ಒಮ್ಮೆ ಅದನ್ನು ಮೊದಲು, ನಾಲ್ಕು ಸಲ ಹಾಕಿ ನೋಡಿದೆ. ನಾಲ್ಕೂ ಸಲ ಮೊದಲು ಎದ್ದವನಿಗೇ ಹೆಸರು.

ಜೂನ್ 7, ಶನಿವಾರ: ಹೆಸರಿಗಿಂತ ಮೊದಲು ಫ್ಲೋಟ್

ಮೋಟರಿನ ಮೆಕ್ಯಾನಿಕಲ್ ಸೀಲ್ ಸುಟ್ಟಿತ್ತು. ಸೀಲ್ 350, ಕೂಲಿ 400. ಎಲೆಕ್ಟ್ರಿಷಿಯನ್ ಬಂದಾಗಲೇ ಸಂಪಿಗೆ ಫ್ಲೋಟ್ ಸ್ವಿಚ್ ಹಾಕಿಸಿದೆ (280). ಕಾಂಟ್ಯಾಕ್ಟರ್ ಕಾಯಿಲ್‌ಗೆ ಅದು ಸೀರೀಸ್‌ನಲ್ಲಿದೆ. ಸಂಪಿನಲ್ಲಿ ನೀರಿಲ್ಲ ಅಂದರೆ ಯಾವ ಪ್ರೋಗ್ರಾಂ ಏನೇ ಹೇಳಲಿ, ಮೋಟರ್ ಓಡಲ್ಲ.

ಇದನ್ನು ಮೊದಲೇ ಮಾಡಬೇಕಿತ್ತು. ಮನೆಯ ವೈಫೈನಲ್ಲಿ ಯಾರು ಬೇಕಾದರೂ "ನಾನೇ ಟ್ಯಾಂಕ್" ಅನ್ನಬಹುದು. ಮಲ್ಟಿಕಾಸ್ಟ್ ಡಿಎನ್‌ಎಸ್ ಗುರುತಿನ ಚೀಟಿ ಕೇಳಲ್ಲ. ಹೆಸರನ್ನು ನಂಬಿ ಒಂದು ಎಚ್‌ಪಿ ಮೋಟರ್ ಓಡಿಸುವುದು ಸರಿಯಲ್ಲ.

ಜೂನ್ 8, ಭಾನುವಾರ: ಪ್ರಿಂಟರ್ ಹೇಗೆ ಪರಿಚಯ ಮಾಡಿಕೊಳ್ಳುತ್ತದೆ

ನಾನೇ ಏನೋ ಕಟ್ಟುವ ಮೊದಲು, ಕೆಟ್ಟುಹೋಗದೆ ನಡೆಯುತ್ತಿರುವುದನ್ನು ನೋಡೋಣ ಅನ್ನಿಸಿತು. ಪ್ರಿಂಟರಿನ ಸಾಲುಗಳನ್ನು ಬಿಡಿಸಿ ನೋಡಿದೆ. ಮೂರು ಪದರ ಇವೆ.

ಮೊದಲನೆಯದು `_ಐಪಿಪಿ._ಟಿಸಿಪಿ`. ಇದು ಯಂತ್ರಕ್ಕೆ. ಏನು ಕೆಲಸ, ಯಾವ ಭಾಷೆಯಲ್ಲಿ ಮಾತಾಡಬೇಕು ಅಂತ ಹೇಳುತ್ತದೆ. ಇದರಲ್ಲಿ ಕಂಪನಿ ಇಲ್ಲ, ಮಾಡೆಲ್ ಇಲ್ಲ, ಯಾವ ಕೋಣೆ ಅಂತಲೂ ಇಲ್ಲ. ಎರಡನೆಯದು ಮನುಷ್ಯರಿಗೆ ಕಾಣುವ ಹೆಸರು. ಏನು ಬೇಕಾದರೂ ಇಡಬಹುದು, ಯಾವಾಗ ಬೇಕಾದರೂ ಬದಲಿಸಬಹುದು. ಮೂರನೆಯದು ಟೆಕ್ಸ್ಟ್ ರೆಕಾರ್ಡ್. ಅಲ್ಲಿ ಚಿಕ್ಕ ಚಿಕ್ಕ ಜೋಡಿಗಳು: `ಟಿವೈ` ಅಂದರೆ ಮಾಡೆಲ್, `ಪಿಡಿಎಲ್` ಅಂದರೆ ಯಾವ ಯಾವ ಬಗೆಯ ಫೈಲ್ ಅರ್ಥವಾಗುತ್ತದೆ, `ಕಲರ್=ಎಫ್` ಅಂದರೆ ಬಣ್ಣ ಇಲ್ಲ, `ಡ್ಯೂಪ್ಲೆಕ್ಸ್=ಎಫ್` ಅಂದರೆ ಎರಡೂ ಬದಿ ಮುದ್ರಿಸಲ್ಲ, `ನೋಟ್` ಅಂದರೆ ಎಲ್ಲಿದೆ.

ನನ್ನ ವ್ಯವಸ್ಥೆಯಲ್ಲಿ ಈ ಮೂರೂ ಕಲಸು ಮೇಲೋಗರ. ಮನುಷ್ಯರಿಗೆ ಅಂತ ಇರುವ ಹೆಸರನ್ನು ಪ್ರೋಗ್ರಾಂ ಓದುತ್ತಿತ್ತು. ಯಂತ್ರಕ್ಕೆ ಅಂತ ಇರುವ ಜಾಗದಲ್ಲಿ `_ಎಚ್‌ಟಿಟಿಪಿ` ಅಂತ ಸುಳ್ಳು ಇತ್ತು. ಸುಳ್ಳು ಯಾಕೆ ಅಂದರೆ, ಆ ಹೆಸರು ಮನುಷ್ಯರು ಬ್ರೌಸರಿನಲ್ಲಿ ತೆರೆದು ಓದುವ ಪುಟಕ್ಕೆ ಮೀಸಲು. ಒಳಗೆ ಎಚ್‌ಟಿಟಿಪಿ ಬಳಸಿದರೂ ನನ್ನದು ಪುಟ ಅಲ್ಲ, ಬರೀ ಜೇಸನ್ (ಪ್ರೋಗ್ರಾಂ ಓದುವ ರೂಪದ) ಅಂಕಿ. ಅದಕ್ಕೇ ನನ್ನ ಪ್ರೋಗ್ರಾಂ ಪ್ರತಿ ಸಲ ರೂಟರಿನ ಪುಟವನ್ನೂ ತೆರೆದು, "ನೀರೆಷ್ಟಿದೆ?" ಅಂತ ಕೇಳಿ, ಬೈಸಿಕೊಂಡು ವಾಪಸ್ ಬರುತ್ತಿತ್ತು. ಆ ಎರರ್ ಸಾಲುಗಳನ್ನು ತಿಂಗಳುಗಟ್ಟಲೆ ನೋಡಿಯೂ ಸುಮ್ನೆ ಬಿಟ್ಟಿದ್ದೆ.

ಈ ಮೂರು ಪದರದ ನಿಯಮ ಬರೆದಿರುವುದು ಇಂಟರ್ನೆಟ್ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 6763ರಲ್ಲಿ. 2013ರ ಫೆಬ್ರವರಿಯದು. ಬರೆದವರು ಆಪಲ್‌ನ ಸ್ಟುವರ್ಟ್ ಚೆಶೈರ್ ಮತ್ತು ಮಾರ್ಕ್ ಕ್ರೋಕ್‌ಮಲ್. ಇಡೀ ಭಾನುವಾರ ಮಧ್ಯಾಹ್ನ ಅದನ್ನೇ ಓದಿದೆ. ಆರ್‌ಎಫ್‌ಸಿ ಅಂದರೆ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಇದು ಹಾಗಿಲ್ಲ. ಯಾಕೆ ಹೀಗೆ ಮಾಡಿದೆವು ಅಂತ ಹೇಳಿಕೊಂಡೇ ಹೋಗುತ್ತಾರೆ.

ಜೂನ್ 14, ಶನಿವಾರ: ಹದಿನೆಂಟಕ್ಷರದ ಹೆಸರು

ಹೊಸ ಸರ್ವಿಸ್ ಹೆಸರು ಬೇಕು. ಮೊದಲು ಇಟ್ಟದ್ದು `_ವಾಟರ್-ಲೆವೆಲ್-ಸೆನ್ಸರ್._ಟಿಸಿಪಿ`. ಇಎಸ್‌ಪಿ32 ಮರುಮಾತಿಲ್ಲದೆ ಒಪ್ಪಿತು. ಅವಾಹಿ-ಬ್ರೌಸ್ ಕೂಡ ತೋರಿಸಿತು. ಖುಷಿಯಾಗಿ ಪೈ ಝೀರೋಗೆ ಹೋದೆ. ಅಲ್ಲಿ ಮೋಟರ್ ಪ್ರೋಗ್ರಾಂ ಪೈಥಾನ್‌ನಲ್ಲಿ, ಝೀರೋಕಾನ್ಫ್ ಲೈಬ್ರರಿಯಲ್ಲಿ ಬರೆದದ್ದು. ಅದು ಹೆಸರು ನೋಡಿದ ಕೂಡಲೇ ತಿರಸ್ಕರಿಸಿತು. ಹೆಸರು 15 ಬೈಟ್ ಮೀರಬಾರದಂತೆ. ನನ್ನದು ಗೆರೆ ಸೇರಿ 18.

ಲೈಬ್ರರಿಯ ತಂಟೆ ಅಂದುಕೊಂಡು ಅದರ ಕೋಡಿನಲ್ಲಿ ಆ ಸಾಲನ್ನೇ ತೆಗೆಯಲು ಹೋಗಿದ್ದೆ. ಸದ್ಯ ಕೈ ತಡೆದೆ. ನಿಯಮ ನಿಜವಾಗಿಯೂ ಇದೆ, 2011ರ ಆರ್‌ಎಫ್‌ಸಿ 6335ರಲ್ಲಿ. ಹೆಚ್ಚೆಂದರೆ 15 ಅಕ್ಷರ. ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಒಂದಾದರೂ ಅಕ್ಷರ ಇರಲೇಬೇಕು. ಗೆರೆಯಿಂದ ಶುರುವಾಗಬಾರದು, ಮುಗಿಯಬಾರದು, ಎರಡು ಗೆರೆ ಒಟ್ಟಿಗೆ ಬರಬಾರದು. ಇಎಸ್‌ಪಿ32, ಅವಾಹಿ ಇದನ್ನು ಕಟ್ಟುನಿಟ್ಟಾಗಿ ನೋಡಲ್ಲ. ಪೈಥಾನ್ ಲೈಬ್ರರಿ ನೋಡುತ್ತದೆ. ಒಂದು ಕಡೆ ನಡೆದು ಇನ್ನೊಂದು ಕಡೆ ನಡೆಯದ ಹೆಸರಿಗಿಂತ ಎಲ್ಲೂ ನಡೆಯದ ಹೆಸರೇ ವಾಸಿ ಅಲ್ವಾ? ಕೊನೇಪಕ್ಷ ಬೇಗ ಗೊತ್ತಾಗುತ್ತದೆ.

ಉದ್ದ ಒಂದೇ ತಪ್ಪಲ್ಲ. ಆ ಹೆಸರಿನಲ್ಲಿ "ಸೆನ್ಸರ್" ಇದೆ. ಮೋಟರ್ ಸೆನ್ಸರ್ ಅಲ್ಲ. ಮೂರೂ ಯಂತ್ರಕ್ಕೆ ಕೇಳುವ ರೀತಿ ಒಂದೇ, ಕೊಡುವ ಉತ್ತರದ ರೂಪ ಒಂದೇ. ಹಾಗಾದರೆ ಸರ್ವಿಸ್ ಹೆಸರೂ ಒಂದೇ ಇರಬೇಕು. ಯಾರು ಏನು ಮಾಡಬಲ್ಲರು ಅನ್ನುವುದು ಟೆಕ್ಸ್ಟ್ ರೆಕಾರ್ಡಿಗೆ ಹೋಗಬೇಕು.

ಕೊನೆಗೆ `_ನೀರು._ಟಿಸಿಪಿ` ಅಂತ ಇಟ್ಟೆ. ಐದೇ ಅಕ್ಷರ. ಇಂತಹ ಹೆಸರುಗಳನ್ನು ನೋಂದಾಯಿಸಿಕೊಳ್ಳುವ ಸಂಸ್ಥೆ ಐಎಎನ್‌ಎ ಪಟ್ಟಿಯಲ್ಲಿ ಹುಡುಕಿದೆ, ಯಾರೂ ಹಿಡಿದಿರಲಿಲ್ಲ. ಹೊರಗೆ ಹಂಚುವ ಸಾಮಾನಾದರೆ ಅಲ್ಲಿ ಅರ್ಜಿ ಹಾಕಿ ನೋಂದಾಯಿಸಬೇಕು. ದುಡ್ಡು ಕೊಡಬೇಕಿಲ್ಲ, ಮೊದಲು ಕೇಳಿದವರಿಗೆ ಸಿಗುತ್ತದೆ. ನನ್ನದು ಮನೆಯ ಗೋಡೆಯೊಳಗಿನ ವ್ಯವಹಾರ, ಅದಕ್ಕೆ ಹಾಕಲಿಲ್ಲ. ಈ ಕನ್ನಡ ಪದಕ್ಕೆ ಇನ್ನೊಂದು ಲಾಭ ಇದೆ. ನಾಳೆ ಪೇಟೆಯಿಂದ ತಂದ ಯಾವುದೋ ಯಂತ್ರ ಇದೇ ಹೆಸರಿಟ್ಟುಕೊಂಡು ಮನೆಗೆ ಬರುವ ಸಾಧ್ಯತೆ ಕಡಿಮೆ.

ಜೂನ್ 15, ಭಾನುವಾರ: ಕನ್ನಡದಲ್ಲಿ ಒಂದು ಅಕ್ಷರಕ್ಕೆ ಮೂರು

ಟ್ಯಾಬ್ಲೆಟ್ ನೋಡುವುದು ಅಮ್ಮ. ಅವರಿಗೆ ಕನ್ನಡದಲ್ಲಿ ಕಾಣಬೇಕು. ಮನುಷ್ಯರಿಗೆ ಕಾಣುವ ಹೆಸರಿಗೆ ಯುಟಿಎಫ್-8, ಅಂದರೆ ಎಲ್ಲ ಭಾಷೆಯ ಲಿಪಿಯೂ, ನಡೆಯುತ್ತದೆ ಅಂತ ನಿಯಮವೇ ಹೇಳುತ್ತದೆ. ಮೋಟರಿನ ಪೈ ಝೀರೋದಲ್ಲೂ ಅವಾಹಿ ಓಡುತ್ತಲೇ ಇತ್ತು. ಒಂದೇ ಯಂತ್ರದಲ್ಲಿ ಕೂಗುವವರು ಇಬ್ಬರು ಯಾಕೆ ಅಂತ ಪೈಥಾನ್ ಭಾಗ ತೆಗೆದು, ಅವಾಹಿಯ ಸರ್ವಿಸ್ ಫೈಲ್ ಬರೆದೆ. ಹೆಸರು: "ಕೆಳಗಿನ ಸಂಪಿನ ನೀರೆತ್ತುವ ಮೋಟರ್".

ಉಳಿಸಿದೆ. ಪಟ್ಟಿಯಲ್ಲಿ ಮೋಟರೇ ಮಾಯ.

ಲಾಗ್ ನೋಡಿದರೆ "ಇನ್‌ವ್ಯಾಲಿಡ್ ಸರ್ವಿಸ್ ನೇಮ್". ಕನ್ನಡ ನಡೆಯಲ್ವಾ ಅಂತ ಬೇಜಾರಾಯಿತು. ಬರೀ "ಮೋಟರ್" ಅಂತ ಇಟ್ಟೆ, ನಡೆಯಿತು. ಹಾಗಾದರೆ ತೊಂದರೆ ಉದ್ದದ್ದು. ಈ ಹೆಸರಿಗೆ ಮಿತಿ 63 ಬೈಟ್. ಇಂಗ್ಲಿಷಿನಲ್ಲಿ 63 ಅಕ್ಷರ, ಧಾರಾಳ. ಕನ್ನಡದಲ್ಲಿ ಪ್ರತಿ ಕೋಡಿಗೆ (ಯೂನಿಕೋಡಿನಲ್ಲಿ ಒಂದೊಂದು ಅಕ್ಷರ, ಚಿಹ್ನೆಗೆ ಇರುವ ಸಂಖ್ಯೆ) 3 ಬೈಟ್. ಅದೂ ನಾವು ಒಂದು ಅಕ್ಷರ ಅಂತ ಓದುವುದು ಒಂದು ಕೋಡ್ ಅಲ್ಲ. "ತ್ತು" ಅಂದರೆ ತ, ವಿರಾಮ (ಒತ್ತು ಕೂಡಿಸುವ ಚಿಹ್ನೆ), ತ, ಉಕಾರ, ಒಟ್ಟು ನಾಲ್ಕು. ಹನ್ನೆರಡು ಬೈಟ್ ಅಲ್ಲೇ ಹೋಯಿತು. ನಾನಿಟ್ಟ ಹೆಸರು ಕಣ್ಣಿಗೆ 14 ಅಕ್ಷರ. ಯಂತ್ರಕ್ಕೆ 25 ಕೋಡ್, ಅಂದರೆ 75 ಬೈಟ್, ಮೂರು ಖಾಲಿ ಜಾಗ ಸೇರಿ 78.

"ಕೆಳಗಿನ" ಅನ್ನುವುದನ್ನು ಕಿತ್ತೆ. 59 ಬೈಟ್. ಹಿಡಿಸಿತು. ಅಮ್ಮ ನೋಡಿ, "ನೀರೆತ್ತುವ ಮೋಟರ್ ಅಂತ ಯಾರೋ ಅಂತಾರೆ? ಮೋಟರ್ ಅಂತ ಹಾಕು ಸಾಕು" ಅಂದರು. ಮತ್ತೆ "ಮೋಟರ್" ಅಂತಲೇ ಆಯಿತು. ಎರಡು ಗಂಟೆ ಕೆಲಸ, 15 ಬೈಟ್ ಫಲ. ಟ್ಯಾಂಕ್ "ಮಹಡಿ ಟ್ಯಾಂಕ್" ಆಯಿತು, 34 ಬೈಟ್.

ಇದೇ ದಿನ ಇನ್ನೊಂದು ಪೆಟ್ಟು. ಪೈ 3ರ ಹಳೆಯ ಶೆಲ್ ಸ್ಕ್ರಿಪ್ಟ್ ಒಂದು ಅವಾಹಿ-ಬ್ರೌಸ್ ಕೊಟ್ಟದ್ದನ್ನು ಕತ್ತರಿಸಿ ಹೆಸರು ಹೊಂದಿಸಿ ನೋಡುತ್ತಿತ್ತು. ಪ್ರೋಗ್ರಾಂಗೆಂದು ಕೊಡುವ ರೂಪದಲ್ಲಿ ಅವಾಹಿ ಕನ್ನಡವನ್ನು ಅಂಕಿ ಮಾಡಿ ಕೊಡುತ್ತದೆ. "ಮ" ಅನ್ನುವುದು \224\178\174 ಆಗಿ ಬರುತ್ತದೆ. ಹೆಸರು ಹೊಂದಲೇ ಇಲ್ಲ. ಇದನ್ನು ಬಿಡಿಸಿ ಓದುವ ಕೋಡ್ ಅರ್ಧ ಬರೆದ ಮೇಲೆ ತಲೆಗೆ ಹೊಳೆಯಿತು: ಹೆಸರನ್ನು ಹೊಂದಿಸಿ ನೋಡುವುದೇ ಅಲ್ವಾ ಮೊದಲಿನಿಂದ ಇದ್ದ ರೋಗ? ಆ ಸ್ಕ್ರಿಪ್ಟನ್ನು ಅಳಿಸಿದೆ. ಮನುಷ್ಯರ ಹೆಸರನ್ನು ಇನ್ನು ಯಾವ ಪ್ರೋಗ್ರಾಂ ಕೂಡ ಓದುವಂತಿಲ್ಲ. ತೋರಿಸಬಹುದು ಅಷ್ಟೆ.

ಜೂನ್ 19, ಗುರುವಾರ ರಾತ್ರಿ

ಮೂರೂ ಯಂತ್ರ ಪಟ್ಟಿಯಿಂದ ಮಾಯ. ಹೆಸರಿನಲ್ಲೇ ಏನೋ ತಪ್ಪಿದೆ ಅಂತ ರಾತ್ರಿ ಹನ್ನೆರಡರವರೆಗೆ ಫೈಲ್ ತಿದ್ದಿದ್ದೇ ತಿದ್ದಿದ್ದು. ಆಮೇಲೆ ನೋಡಿದರೆ ರೂಟರ್ ತಾನಾಗಿ ಹೊಸ ಸಾಫ್ಟ್‌ವೇರ್ ಹಾಕಿಕೊಂಡಿದೆ, ವೈಫೈನಲ್ಲಿರುವವರು ಒಬ್ಬರನ್ನೊಬ್ಬರು ನೋಡದಂತೆ ತಡೆಯುವ ಐಸೊಲೇಶನ್ ಆನ್ ಆಗಿದೆ. ಆಫ್ ಮಾಡಿದೆ. ಬಂದವು. ಮೂರು ಗಂಟೆ ದಂಡ. ಈಗ ಯಾವುದೇ ಯಂತ್ರ ಕಾಣದಿದ್ದರೆ ಮೊದಲು ಪಿಂಗ್ ಮಾಡಿ ಅದು ತಲುಪುತ್ತದಾ ನೋಡುತ್ತೇನೆ, ಆಮೇಲೆ ಹೆಸರು.

ಜೂನ್ 22, ಭಾನುವಾರ: ಟೆಕ್ಸ್ಟ್ ರೆಕಾರ್ಡ್, ಮೂರು ತಪ್ಪು

ಒಂದೇ ದಿನ ಮೂರು ತಪ್ಪು ಮಾಡಿದೆ.

ಮೊದಲನೆಯದು ಚಿಕ್ಕದು. ಕೀ (ಜೋಡಿಯ ಎಡಗಡೆಯದು) ಹೆಸರುಗಳನ್ನು ಉದ್ದುದ್ದ ಇಟ್ಟೆ. ಒಂದು ಕೀ ಅಂತೂ "ಸೆಂಟಿಮೀಟರಿನಲ್ಲಿ ಗರಿಷ್ಠ ದೂರ" ಅನ್ನುವುದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದದ್ದು, 27 ಅಕ್ಷರ. ನಡೆಯಿತು, ಯಾರೂ ತಡೆಯಲಿಲ್ಲ. ಆದರೆ 9 ಅಕ್ಷರದೊಳಗೆ ಇಡಿ ಅಂತ ಆರ್‌ಎಫ್‌ಸಿ ಕೇಳಿಕೊಳ್ಳುತ್ತದೆ. ಇದನ್ನು ಮನುಷ್ಯರು ಓದಲ್ಲ, ಪ್ಯಾಕೆಟ್ ಚಿಕ್ಕದಾಗಿರಲಿ ಅಂತ. `ಡೆಪ್ತ್` ಸಾಕು, ಐದು ಅಕ್ಷರ.

ಎರಡನೆಯದು ದುರಾಸೆ. ಹೇಗೂ ಟೆಕ್ಸ್ಟ್ ರೆಕಾರ್ಡ್ ಎಲ್ಲರಿಗೂ ಹೋಗುತ್ತದಲ್ಲ, ನೀರಿನ ಅಳತೆಯನ್ನೂ ಅದರಲ್ಲೇ ತುಂಬಿಬಿಡೋಣ, ಪ್ರತ್ಯೇಕ ಕೇಳುವ ರಗಳೆ ಬೇಡ ಅಂದುಕೊಂಡೆ. ಐದು ಸೆಕೆಂಡಿಗೊಮ್ಮೆ ಬದಲಿಸಿದೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಟ್ಯಾಬ್ಲೆಟ್‌ನಲ್ಲಿ ಟ್ಯಾಂಕ್ 61% ಅಂತ ನಿಂತುಬಿಟ್ಟಿತು. ಅಮ್ಮ ಬಟ್ಟೆ ಒಗೆದು, ಮನೆ ಒರೆಸಿ ಮುಗಿಸಿದರೂ 61%. ಕಾರಣ ಎರಡು. ವೈಫೈನಲ್ಲಿ ಮಲ್ಟಿಕಾಸ್ಟ್ ಪ್ಯಾಕೆಟ್ ತಲುಪದಿದ್ದರೆ ಮತ್ತೆ ಕಳಿಸುವವರಿಲ್ಲ. ತಲುಪಿದ ಹಳೆಯದನ್ನು ಕೇಳುವವನು ಸಾಮಾನ್ಯವಾಗಿ 75 ನಿಮಿಷ ಇಟ್ಟುಕೊಳ್ಳುತ್ತಾನೆ. ಜೊತೆಗೆ ನಿಮಿಷಕ್ಕೆ ಹತ್ತಕ್ಕಿಂತ ಜಾಸ್ತಿ ಸಲ ರೆಕಾರ್ಡ್ ಬದಲಿಸಬೇಡಿ ಅಂತ ಆರ್‌ಎಫ್‌ಸಿ 6762 (ಮಲ್ಟಿಕಾಸ್ಟ್ ಡಿಎನ್‌ಎಸ್ ನಿಯಮ) ಹೇಳುತ್ತದೆ. ನಾನು ಹನ್ನೆರಡು ಸಲ ಕೂಗುತ್ತಿದ್ದೆ. ತೆಗೆದೆ. ಏನು ಮಾಡಬಲ್ಲೆ ಅನ್ನುವುದು ರೆಕಾರ್ಡಿನಲ್ಲಿ. ಈಗ ಎಷ್ಟಿದೆ ಅನ್ನುವುದು ಹೋಗಿ ಕೇಳಿದಾಗ.

ಮೂರನೆಯದು ಹೌದು ಅಲ್ಲಗಳ ಗೊಂದಲ. ಪ್ರಿಂಟರ್ ನೋಡಿ ಕಲಿತದ್ದೇ ಇಲ್ಲಿ ಮುಳುವಾಯಿತು. ಅದರ `ಕಲರ್=ಎಫ್` ನೋಡಿ ನಾನೂ ಸಂಪಿನ ಬೋರ್ಡಿಗೆ `ಚಾಲು=ಎಫ್` ಅಂತ ಬರೆದೆ, ಇದಕ್ಕೆ ಮೋಟರ್ ಚಾಲು ಮಾಡಲು ಬರಲ್ಲ ಅಂತ ಹೇಳಲು. ಪೈ 3ರಲ್ಲಿ ಪೈಥಾನ್ ಕೋಡ್ "ಚಾಲು ಅನ್ನುವ ಕೀ ಇದೆಯಾ?" ಅಂತ ಮಾತ್ರ ನೋಡುತ್ತಿತ್ತು. ಇದೆ! ಟ್ಯಾಬ್ಲೆಟ್‌ನಲ್ಲಿ ಸಂಪಿನ ಪಕ್ಕ ಒಂದು ಹಸಿರು ಬಟನ್ ಬಂತು. ಅಪ್ಪ ಮೂರು ಸಲ ಒತ್ತಿ, "ನಿನ್ನ ಮೋಟರ್ ಕೆಟ್ಟೋಯ್ತು ಕಣೋ" ಅಂದರು.

ಪ್ರಿಂಟರಿನವರು ಟಿ, ಎಫ್ ಅಂತ ಬರೆಯುವುದು ಅವರ ಪ್ರಿಂಟಿಂಗ್ ನಿಯಮ. ಆರ್‌ಎಫ್‌ಸಿ 6763ರಲ್ಲಿ ಇನ್ನೂ ಸರಳ ದಾರಿ ಇದೆ. ಸಮ ಚಿಹ್ನೆಯೇ ಇಲ್ಲದೆ ಬರೀ ಕೀ ಬರೆಯಿರಿ. ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ಎರಡರಲ್ಲಿ ಯಾವುದಾದರೂ ಒಂದನ್ನು ಹಿಡಿಯಬೇಕಿತ್ತು. ನಾನು ಬರೆಯುವಾಗ ಒಂದು, ಓದುವಾಗ ಇನ್ನೊಂದು ಹಿಡಿದಿದ್ದೆ. ಈಗ ಬರೀ `ಚಾಲು`, ಅದೂ ಮೋಟರಿಗೆ ಮಾತ್ರ.

ಜೂನ್ 28, ಶನಿವಾರ: ಮಟ್ಟ ಅಂದರೆ ಯಾವ ಮಟ್ಟ?

ಈ ತಪ್ಪಿಗೆ ನಾಚಿಕೆ ಜಾಸ್ತಿ ಆದದ್ದು.

ಸಂಪಿನ ಪ್ರೋಗ್ರಾಂ ಹೊಸದಾಗಿ ಬರೆದೆ. ಅದು ಜೇಸನ್‌ನಲ್ಲಿ `ಲೆವೆಲ್` ಅಂತ ಒಂದು ಅಂಕಿ ಕೊಡುತ್ತದೆ. ಟ್ಯಾಂಕಿನ ಹಳೆಯ ಪ್ರೋಗ್ರಾಂ ಕೂಡ `ಲೆವೆಲ್` ಅಂತಲೇ ಕೊಡುತ್ತದೆ. ಎರಡೂ ಸೆಂಟಿಮೀಟರ್. ಟ್ಯಾಬ್ಲೆಟ್‌ನಲ್ಲಿ ಸಂಪು 30% ಅಂತ ಕಂಡಿತು. ಮುಚ್ಚಳ ತೆಗೆದು ಟೇಪ್ ಬಿಟ್ಟು ನೋಡಿದರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರಿದೆ.

ಸೆನ್ಸರ್ ಅಳೆಯುವುದು ತನ್ನಿಂದ ನೀರಿನ ಮೇಲ್ಮೈಗೆ ಇರುವ ದೂರ. ಅಂದರೆ ಖಾಲಿ ಜಾಗ. ಫೆಬ್ರವರಿಯಲ್ಲಿ ಅದನ್ನೇ ನೇರವಾಗಿ `ಲೆವೆಲ್` ಅಂತ ಕರೆದಿದ್ದೆ. ಜೂನ್‌ನಲ್ಲಿ ಬರೆಯುವಾಗ ಲೆವೆಲ್ ಅಂದರೆ ನೀರಿನ ಎತ್ತರ ತಾನೇ ಅಂತ 165ರಿಂದ ಕಳೆದು ಕೊಟ್ಟೆ. ಪೈ 3 ಅದನ್ನು ಖಾಲಿ ಜಾಗ ಅಂದುಕೊಂಡು ಮತ್ತೆ ಕಳೆಯಿತು. ಬರೆದವನು ಒಬ್ಬನೇ, ಪದ ಒಂದೇ, ಅರ್ಥ ಎರಡು. ನಡುವೆ ನಾಲ್ಕು ತಿಂಗಳು, ಅಷ್ಟೆ.

ಸುಲಭದ ದಾರಿ ಅಂದರೆ ಎರಡನ್ನೂ ಒಂದೇ ಅರ್ಥಕ್ಕೆ ತಂದು `ಲೆವೆಲ್` ಅಂತಲೇ ಬಿಡುವುದು. ಬಿಡಲಿಲ್ಲ. ಆ ಪದ ಮುಂದಿನ ವರ್ಷ ಮತ್ತೆ ಮೋಸ ಮಾಡುತ್ತದೆ. ಈಗ ಹೆಸರು `ಖಾಲಿ_ಸೆಂಮೀ`. ಮೇಲಿಂದ ನೀರಿನವರೆಗೆ ಖಾಲಿ ಜಾಗ, ಸೆಂಟಿಮೀಟರಿನಲ್ಲಿ. ಯಂತ್ರ ಅಳೆದದ್ದನ್ನಷ್ಟೇ ಹೇಳುತ್ತದೆ. ಲೆಕ್ಕ ಮಾಡುವುದು ಪೈ 3. ಅದಕ್ಕೆ ಬೇಕಾದ ಎರಡು ಅಂಕಿ ಟೆಕ್ಸ್ಟ್ ರೆಕಾರ್ಡಿನಲ್ಲಿವೆ: `ಡೆಪ್ತ್` (ಸಂಪಿಗೆ 165, ಟ್ಯಾಂಕಿಗೆ 118) ಮತ್ತು `ಬ್ಲೈಂಡ್=25`. ಈ ಸೆನ್ಸರಿಗೆ 25 ಸೆಂಟಿಮೀಟರಿಗಿಂತ ಹತ್ತಿರ ಕಾಣಲ್ಲ. ನೀರು ಅದಕ್ಕಿಂತ ಮೇಲೆ ಬಂದರೆ ಅದು ಹೇಳುವುದೆಲ್ಲ ಬುರುಡೆ. ಆ ದೋಷವನ್ನೂ ಪರಿಚಯದಲ್ಲೇ ಹೇಳಿಬಿಡುವುದು ಒಳ್ಳೆಯದು.

ಟ್ಯಾಂಕಿನ ಬೋರ್ಡಿಗೆ ಏಣಿ ಹತ್ತಿದೆ. ಈ ಸಲ ಹತ್ತಿದೆ.

ಜುಲೈ 6, ಭಾನುವಾರ: ಅಕ್ಕನ ಐಫೋನ್, ಉಪಹೆಸರು

ಅಕ್ಕ ಊರಿಂದ ಬಂದಿದ್ದಳು. ಬಸ್ ಟಿಕೆಟ್ ಪ್ರಿಂಟ್ ಮಾಡಲು ಹೋದಳು. "ನಿಮ್ಮ ಪ್ರಿಂಟರ್ ನನ್ನ ಫೋನಿಗೆ ಕಾಣೋದೇ ಇಲ್ವಲ್ಲೋ." ಅಪ್ಪನ ಲ್ಯಾಪ್‌ಟಾಪಿಗೆ ಕಾಣುತ್ತದೆ, ಐಫೋನಿಗೆ ಕಾಣಲ್ಲ.

ಇದೂ ಹೆಸರಿನದ್ದೇ. ಐಫೋನ್ ಬರೀ `_ಐಪಿಪಿ._ಟಿಸಿಪಿ` ಹುಡುಕುವುದಿಲ್ಲ. ಅದರೊಳಗೆ `_ಯೂನಿವರ್ಸಲ್` ಅನ್ನುವ ಉಪಹೆಸರು ಇರುವವರನ್ನು ಮಾತ್ರ ಹುಡುಕುತ್ತದೆ. ಆಪಲ್‌ನ ಪ್ರಿಂಟಿಂಗ್ ಪದ್ಧತಿಯಾದ ಏರ್‌ಪ್ರಿಂಟ್ ಬಲ್ಲವರು ಕೈ ಎತ್ತಿ ಅಂದ ಹಾಗೆ. ನಾನು ಹಿಂದೆ ಕೈಯಾರೆ ಬರೆದ ಪ್ರಿಂಟರ್ ಫೈಲಿನಲ್ಲಿ ಆ ಸಾಲು ಇರಲಿಲ್ಲ. `ಯುಆರ್‌ಎಫ್` ಕೀ (ಏರ್‌ಪ್ರಿಂಟ್ ಬಳಸುವ ಫೈಲ್ ಬಗೆ) ಕೂಡ ಇರಲಿಲ್ಲ. ಎರಡನ್ನೂ ಸೇರಿಸಿ, `ಪಿಡಿಎಲ್` ಪಟ್ಟಿಗೆ ಯುಆರ್‌ಎಫ್ ಬಗೆ ಹಾಕಿದೆ. ಟಿಕೆಟ್ ಬಂತು. ಅಕ್ಕ ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ಐದು ರೂಪಾಯಿಗೆ ಪ್ರಿಂಟ್ ತೆಗೆಸಿಕೊಂಡಾಗಿತ್ತು.

ಅದೇ ಉಪಾಯ ಮೋಟರಿಗೂ ಬೇಕು ಅನ್ನಿಸಿತು. ಇಷ್ಟು ದಿನ ಪೈ 3 ನೀರಿನ ಯಂತ್ರಗಳನ್ನೆಲ್ಲ ಕರೆದು, ಒಬ್ಬೊಬ್ಬರ ರೆಕಾರ್ಡ್ ಬಿಡಿಸಿ, ಯಾರಲ್ಲಿ `ಚಾಲು` ಇದೆ ಅಂತ ನೋಡುತ್ತಿತ್ತು. ಈಗ `_ಮೋಟರ್._ಸಬ್._ನೀರು._ಟಿಸಿಪಿ` ಅಂತ ನೇರ ಕೇಳುತ್ತದೆ. ಅವಾಹಿ ಫೈಲಿನಲ್ಲಿ ಮೊದಲು ಬರೀ `_ಮೋಟರ್` ಅಂತ ಬರೆದಿದ್ದೆ. ತಿರಸ್ಕಾರ. ಉಪಹೆಸರಿನ ಜಾಗದಲ್ಲಿ ಪೂರ್ತಿ ಸಾಲು ಬರೆಯಬೇಕು. ಐದು ನಿಮಿಷದ ತಪ್ಪು.

ಮೂರೇ ಯಂತ್ರ ಇರುವ ಮನೆಗೆ ಉಪಹೆಸರು ಬೇಕಾ? ನಿಜ ಹೇಳಬೇಕೆಂದರೆ ಬೇಡ. ಮಾಡುವ ಹುಮ್ಮಸ್ಸಿಗೆ ಮಾಡಿದೆ.

ಜುಲೈ 12, ಶನಿವಾರ: ಮೇನ್ ಆಫ್

ಈಗ ಪ್ರತಿ ಯಂತ್ರ ಟೆಕ್ಸ್ಟ್ ರೆಕಾರ್ಡಿನಲ್ಲಿ ಹೇಳುವುದು ಇಷ್ಟು (ಮೊದಲನೆಯದು ರೆಕಾರ್ಡಿನ ಆವೃತ್ತಿ, `ಪಾತ್` ಅಂದರೆ ಎಲ್ಲಿ ಕೇಳಬೇಕು, `ಮಟ್ಟ` ಅಂದರೆ ನೀರು ಅಳೆಯಬಲ್ಲೆ). ಸಂಪು: `ಟಿಎಕ್ಸ್‌ಟಿವರ್ಸ್=1`, `ಐಡಿ=ಸಂಪು`, `ಪಾತ್=/ನೀರು`, `ಡೆಪ್ತ್=165`, `ಬ್ಲೈಂಡ್=25`, `ಮಟ್ಟ`. ಟ್ಯಾಂಕ್ ಹಾಗೇ, ಅದರ ಅಂಕಿಗಳೊಂದಿಗೆ. ಮೋಟರ್: `ಟಿಎಕ್ಸ್‌ಟಿವರ್ಸ್=1`, `ಐಡಿ=ಮೋಟರ್1`, `ಪಾತ್=/ಮೋಟರ್`, `ಚಾಲು`, `ಫ್ಲೋಟ್`. ಪೈ 3 ಗುರುತು ಹಿಡಿಯುವುದು `ಐಡಿ` ನೋಡಿ. ಒಂದೇ `ಐಡಿ` ಎರಡು ಕಡೆ ಕಂಡರೆ ಅದು ಊಹೆ ಮಾಡಲ್ಲ. ಮೋಟರ್ ನಿಲ್ಲಿಸಿ ಟ್ಯಾಬ್ಲೆಟ್‌ನಲ್ಲಿ ಕೆಂಪು ಪಟ್ಟಿ ತೋರಿಸುತ್ತದೆ. ಈ ಕೊನೆಯ ಹತ್ತು ಸಾಲು ಕೋಡ್ ಫೆಬ್ರವರಿಯಲ್ಲೇ ಇದ್ದಿದ್ದರೆ ಸೀಲ್ ಸುಡುತ್ತಿರಲಿಲ್ಲ.

ಬೆಳಿಗ್ಗೆ ಅಮ್ಮನ ಮಿಕ್ಸಿ ಕೆಲಸ ಮುಗಿದ ಮೇಲೆ ಮೇನ್ ಆಫ್ ಮಾಡಿ ಆನ್ ಮಾಡಿದೆ, ಆರು ಸಲ. ಯುಪಿಎಸ್ ಮೇಲಿನ ಪೈ 3 ಎದ್ದೇ ಇತ್ತು. ಆರೂ ಸಲ ಸಂಪು ಸಂಪಾಗಿಯೇ, ಟ್ಯಾಂಕ್ ಟ್ಯಾಂಕಾಗಿಯೇ ಬಂದವು. ಬೇಕೆಂದೇ ಎರಡಕ್ಕೂ ಒಂದೇ ಮನುಷ್ಯರ ಹೆಸರಿಟ್ಟು ಇನ್ನೆರಡು ಸಲ ಮಾಡಿದೆ. ಒಂದು ಹೆಸರಿಗೆ 2 ಅಂಟಿಕೊಂಡಿತು, ಅಳತೆ ಅದಲು ಬದಲಾಗಲಿಲ್ಲ. ಒಂದೇ `ಐಡಿ` ಇಟ್ಟೆ, ಕೆಂಪು ಪಟ್ಟಿ ಬಂತು.

ಖರ್ಚು: ಈ ರಿಪೇರಿಗೆ ಸೀಲ್, ಕೂಲಿ, ಫ್ಲೋಟ್ ಸೇರಿ 1,030 ರೂಪಾಯಿ. ಹೆಸರು ಬದಲಿಸಲು ಒಂದು ಪೈಸೆ ಹೋಗಲಿಲ್ಲ.

ಬಾಕಿ ಇರುವುದು ಒಂದು. ಸಂಜೆ ಕೊನೆಯ ಸಲ ಪಟ್ಟಿ ತೆಗೆದು ನೋಡುವಾಗ ಪ್ರಿಂಟರಿನ `ನೋಟ್` ಕಣ್ಣಿಗೆ ಬಿತ್ತು. "ಮಹಡಿ ರೂಮು, ಕಿಟಕಿ ಪಕ್ಕ" ಅಂತಿದೆ. ಪ್ರಿಂಟರ್ ಕೆಳಗೆ ಹಾಲ್‌ಗೆ ಬಂದು ಎರಡು ವರ್ಷ ಆಯಿತು.